ಫ್ಯಾಷನ್ ಬದಲಾಯಿತು, ಹಳೆಯ ಶೂ ಇಟ್ಟುಕೊಳ್ಳಬೇಕೇ? ಹಂತ ಹಂತವಾಗಿ ನಿರ್ಧರಿಸುವ ಬಗೆ

ಶೂ ಸ್ಟ್ಯಾಂಡ್ ಖಾಲಿ ಮಾಡಲು ಕೂತವರಲ್ಲಿ ಹೆಚ್ಚಿನವರು ಎಡವುವುದು ಒಂದೇ ಜಾಗದಲ್ಲಿ. ಮೊದಲ ಜೋಡಿ ಕೈಗೆತ್ತಿಕೊಂಡ ಕೂಡಲೇ "ಇದು ಈಗ ನಡೆಯುತ್ತಾ?" ಎಂದು ಕೇಳಿಕೊಳ್ಳುತ್ತಾರೆ. ನಡೆಯಲ್ಲ ಅನಿಸಿದರೆ "ಇರಲಿ, ಫ್ಯಾಷನ್ ಮತ್ತೆ ಬರುತ್ತಲ್ಲ" ಎಂದು ವಾಪಸ್ ಇಡುತ್ತಾರೆ. ಅರ್ಧ ದಿನ ಕಳೆದ ಮೇಲೆ ನೋಡಿದರೆ ಹೊರಗೆ ಹೋಗಿದ್ದು ಒಂದು ಹರಿದ ಚಪ್ಪಲಿ ಮಾತ್ರ. ಇನ್ನು ಕೆಲವರು ಇದಕ್ಕೆ ತದ್ವಿರುದ್ಧ. ಸಿಟ್ಟು ಬಂದವರ ಹಾಗೆ ಎಲ್ಲವನ್ನೂ ಎಸೆದು, ಮುಂದಿನ ತಿಂಗಳು ಅಂಥದ್ದೇ ಕಪ್ಪು ಶೂ ಹುಡುಕಿಕೊಂಡು ಅಂಗಡಿಗೆ ಹೋಗುತ್ತಾರೆ.

ತೊಂದರೆ ಇರುವುದು ಪ್ರಶ್ನೆಗಳ ಸರದಿಯಲ್ಲಿ. ಫ್ಯಾಷನ್ ಎಲ್ಲಕ್ಕಿಂತ ಕೊನೆಗೆ ಕೇಳಬೇಕಾದ ಪ್ರಶ್ನೆ. ಮೊದಲು ನಿಮ್ಮ ಕಾಲು, ಆಮೇಲೆ ಶೂವಿನ ಮೈ, ಆಮೇಲೆ ಬಳಕೆ. ಈ ಮೂರರಲ್ಲಿ ಯಾವುದಾದರೂ ಒಂದರಲ್ಲಿ ಸೋತ ಜೋಡಿ ಟ್ರೆಂಡ್‌ನಲ್ಲಿದ್ದರೂ ಅಷ್ಟೇ, ಇಲ್ಲದಿದ್ದರೂ ಅಷ್ಟೇ. ಆದ್ದರಿಂದ ಕೆಳಗಿನ ಹಂತಗಳನ್ನು ಇದೇ ಸರದಿಯಲ್ಲಿ ಮಾಡಿ. ಒಂದು ಹಂತದಲ್ಲಿ ಬಿದ್ದ ಜೋಡಿಯನ್ನು ಮುಂದಿನ ಹಂತಕ್ಕೆ ಒಯ್ಯಬೇಡಿ. ಅರ್ಧ ಕೆಲಸ ಅಲ್ಲೇ ಮುಗಿಯುತ್ತದೆ.

## ಕೂರುವ ಮೊದಲು ಬೇಕಾದದ್ದು

ದೊಡ್ಡ ಪಟ್ಟಿಯೇನಿಲ್ಲ. ಬಿಳಿ ಹಾಳೆ, ಪೆನ್ಸಿಲ್, ಸ್ಕೇಲ್, ಒದ್ದೆ ಬಟ್ಟೆ, ಒಣ ಬಟ್ಟೆ, ಹೇರ್ ಡ್ರೈಯರ್, ಆಳೆತ್ತರದ ಕನ್ನಡಿ, ಮೊಬೈಲ್ ಕ್ಯಾಮೆರಾ. ನೆಲದ ಮೇಲೆ ಹಾಸಲು ಹಳೆಯ ಬೆಡ್‌ಶೀಟ್. ಅದರ ನಾಲ್ಕು ಮೂಲೆಗೆ ನಾಲ್ಕು ಚೀಟಿ ಇಡಿ: "ಇರಲಿ", "ರಿಪೇರಿ", "ಕಾಯಲಿ", "ಹೋಗಲಿ".

ನೀವು ಸಾಮಾನ್ಯವಾಗಿ ಶೂ ಜೊತೆ ಹಾಕುವ ಸಾಕ್ಸ್ ಮತ್ತು ಈಗ ನಿಜವಾಗಿ ಹಾಕುತ್ತಿರುವ ಎರಡು ಮೂರು ಪ್ಯಾಂಟ್ ಅಥವಾ ಡ್ರೆಸ್ ಕೂಡ ಹತ್ತಿರ ಇರಲಿ. ಇವಿಲ್ಲದೆ ಐದನೇ ಹಂತ ಮಾಡಿದರೆ ಉತ್ತರ ತಪ್ಪುತ್ತದೆ.

ಸಮಯ ಸಂಜೆಯಾಗಿರಲಿ. ಓಡಾಡಿದ ದಿನದ ಕೊನೆಗೆ ಕಾಲು ಸ್ವಲ್ಪ ಊದಿಕೊಂಡಿರುತ್ತದೆ. ಬೆಳಿಗ್ಗೆ ಸಲೀಸಾಗಿ ಹೋದ ಶೂ ಸಂಜೆ ಕಚ್ಚುವುದು ಅದಕ್ಕೇ.

## ಹಂತ 1: ಎಲ್ಲವನ್ನೂ ಒಂದೇ ಸಲ ಹೊರಗೆ ತೆಗೆಯಿರಿ

ಮಂಚದ ಕೆಳಗಿನದು, ಅಟ್ಟದ ಮೇಲಿನ ಡಬ್ಬದಲ್ಲಿರುವುದು, ಕಾರಿನ ಡಿಕ್ಕಿಯಲ್ಲಿ ಬಿದ್ದಿರುವುದು, ಎಲ್ಲವೂ ಬರಬೇಕು. ಒಂದೊಂದನ್ನೇ ತೆಗೆದು ನೋಡಿ ಇಡುವವರಿಗೆ ತಮ್ಮಲ್ಲಿ ಒಂದೇ ಕೆಲಸ ಮಾಡುವ ಮೂರು ಜೋಡಿ ಇವೆ ಅನ್ನುವುದು ಗೊತ್ತಾಗುವುದೇ ಇಲ್ಲ.

ಬೆಡ್‌ಶೀಟ್ ಮೇಲೆ ಜೋಡಿಸುವಾಗ ಬಣ್ಣ ನೋಡಬೇಡಿ, ಕೆಲಸ ನೋಡಿ. ಆಫೀಸಿಗೆ ಹಾಕುವವು ಒಂದು ಕಡೆ, ದಿನದ ಓಡಾಟದವು ಇನ್ನೊಂದು ಕಡೆ, ಸಮಾರಂಭದವು, ವ್ಯಾಯಾಮದವು, ಮಳೆ-ಕೆಸರಿನವು ಹೀಗೆ. "ಯಾವ ಗುಂಪಿಗೂ ಸೇರಲ್ಲ" ಅನಿಸುವ ಜೋಡಿಗಳನ್ನು ಪಕ್ಕಕ್ಕೆ ಇಡಿ. ಅವುಗಳ ಹಣೆಬರಹ ಬಹುಮಟ್ಟಿಗೆ ಅಲ್ಲೇ ಗೊತ್ತಾಗಿಬಿಡುತ್ತದೆ.

ಈ ಹಂತದಲ್ಲಿ ಏನನ್ನೂ ನಿರ್ಧರಿಸಬೇಡಿ. ಒಂದೇ ಕಾಲಿನ ಶೂ ಸಿಕ್ಕರೆ ಮಾತ್ರ ಅದರ ಜೊತೆಯನ್ನು ಹುಡುಕಿ, ಸಿಗದಿದ್ದರೆ ಹೋಗಲಿ.

## ಹಂತ 2: ಈಗಿನ ಕಾಲಿಗೆ ಹೊಂದುತ್ತದೆಯೇ?

ದೊಡ್ಡವರಾದ ಮೇಲೆ ಪಾದದ ಅಳತೆ ಬದಲಾಗುವುದಿಲ್ಲ ಅಂತ ತುಂಬಾ ಜನ ನಂಬಿದ್ದಾರೆ. ಬದಲಾಗುತ್ತದೆ. ವಯಸ್ಸಾದಂತೆ ಪಾದದ ಕಮಾನು ಸ್ವಲ್ಪ ಇಳಿದು, ಪಾದ ಉದ್ದವೂ ಅಗಲವೂ ಆಗುತ್ತದೆ. ತೂಕ ಏರಿದರೆ ಅಗಲವಾಗುತ್ತದೆ. ಬಸುರಿನಲ್ಲಿ ಹಿಗ್ಗಿದ ಪಾದ ಕೆಲವರಿಗೆ ಹಾಗೆಯೇ ಉಳಿದುಬಿಡುತ್ತದೆ. ಐದು ವರ್ಷದ ಹಿಂದೆ ಸರಿಯಿದ್ದ ಶೂ ಈಗ ಚುಚ್ಚಿದರೆ ತಪ್ಪು ಶೂವಿನದೂ ಅಲ್ಲ, ನಿಮ್ಮದೂ ಅಲ್ಲ.

ಅಳೆಯುವುದು ಸುಲಭ. ಹಾಳೆಯನ್ನು ಗೋಡೆಗೆ ತಾಗಿಸಿ ನೆಲದ ಮೇಲಿಡಿ. ಹಿಮ್ಮಡಿ ಗೋಡೆಗೆ ತಾಗುವಂತೆ, ಪೂರ್ತಿ ತೂಕ ಬಿಟ್ಟು ನಿಲ್ಲಿ. ಎಲ್ಲಕ್ಕಿಂತ ಮುಂದೆ ಚಾಚಿದ ಬೆರಳಿನ ತುದಿಗೆ ಗುರುತು ಹಾಕಿ. ಕೆಲವರಿಗೆ ಅದು ಹೆಬ್ಬೆರಳಲ್ಲ, ಪಕ್ಕದ ಬೆರಳು. ಎರಡೂ ಕಾಲು ಅಳೆಯಿರಿ, ದೊಡ್ಡದನ್ನು ಲೆಕ್ಕಕ್ಕೆ ಹಿಡಿಯಿರಿ. ಶೂ ಮೇಲಿನ ನಂಬರ್ ನೋಡಿ ಸಮಾಧಾನ ಮಾಡಿಕೊಳ್ಳಬೇಡಿ. ಬ್ರಿಟಿಷ್ ಅಳತೆಯಲ್ಲಿ ಒಂದು ನಂಬರ್ ಅಂದರೆ ಸುಮಾರು 8.5 ಮಿಲಿಮೀಟರ್, ಯುರೋಪಿನ ಅಳತೆಯಲ್ಲಿ ಸುಮಾರು 6.7 ಮಿಲಿಮೀಟರ್. ಅದರ ಮೇಲೆ ಪ್ರತಿ ಕಂಪನಿಯ ಅಚ್ಚೂ ಬೇರೆ.

ಶೂವಿನ ಒಳಗೆ ಪಾದದಡಿ ಇರುವ ಮೆತ್ತೆ, ಅಂದರೆ ಇನ್‌ಸೋಲ್, ಹೊರಗೆ ಬರುವಂತಿದ್ದರೆ ಎಳೆದು ತೆಗೆದು ನೆಲದ ಮೇಲಿಟ್ಟು ಅದರ ಮೇಲೆ ನಿಲ್ಲಿ. ಇದರಷ್ಟು ಖಡಕ್ಕಾಗಿ ಉತ್ತರ ಕೊಡುವ ಪರೀಕ್ಷೆ ಬೇರೆ ಇಲ್ಲ. ಬೆರಳಿನ ಮುಂದೆ ಸುಮಾರು 1 ಸೆಂಟಿಮೀಟರ್ ಜಾಗ ಉಳಿಯಬೇಕು. ಕಿರುಬೆರಳು ಅಥವಾ ಹೆಬ್ಬೆರಳಿನ ಬುಡ ಇನ್‌ಸೋಲ್‌ನ ಅಂಚು ದಾಟಿ ಹೊರಗೆ ಚಾಚಿದ್ದರೆ, ಶೂ ಒಳಗೆ ಅಷ್ಟು ಭಾಗ ಹಿಂಡಿಸಿಕೊಂಡು ಕೂತಿರುತ್ತದೆ ಎಂದರ್ಥ. ಹಳೆಯ ಇನ್‌ಸೋಲ್ ಆದರೆ ಬೆರಳುಗಳ ಗುಳಿ ಕಾಣುತ್ತವೆ. ಆ ಗುಳಿ ಇನ್‌ಸೋಲ್‌ನ ತುದಿಗೇ ತಾಗಿದ್ದರೆ ಶೂ ಮೊದಲಿನಿಂದಲೂ ಚಿಕ್ಕದೇ ಇತ್ತು.

ಆಮೇಲೆ ಎರಡೂ ಶೂ ಹಾಕಿ, ಗಟ್ಟಿ ನೆಲದ ಮೇಲೆ ಹತ್ತು ನಿಮಿಷ ಓಡಾಡಿ. ಕಾರ್ಪೆಟ್ ಮೇಲೆ ಬೇಡ, ಅದು ಎಲ್ಲ ಶೂವನ್ನೂ ಮೆತ್ತಗೆ ತೋರಿಸುತ್ತದೆ. ಬೆರಳು ಜೋಮು ಹಿಡಿಯುವುದು, ಆಣಿ ಇರುವ ಜಾಗ ಉರಿಯುವುದು, ಹಿಮ್ಮಡಿ ಜಾರಿ ಮೇಲೇಳುವುದು ಇವೆಲ್ಲ ಎಚ್ಚರಿಕೆಯ ಗುರುತು.

ಇಲ್ಲಿ ಆಗುವ ದೊಡ್ಡ ತಪ್ಪು: "ಹಾಕ್ತಾ ಹಾಕ್ತಾ ಸರಿಯಾಗುತ್ತೆ." ಚರ್ಮದ ಶೂ ಅಗಲದಲ್ಲಿ ಸ್ವಲ್ಪ ಹಿಗ್ಗುತ್ತದೆ, ರಿಪೇರಿಯವರು ಮರದ ಅಚ್ಚು ಹಾಕಿ ಹಿಗ್ಗಿಸಿಯೂ ಕೊಡುತ್ತಾರೆ. ಉದ್ದದಲ್ಲಿ ಯಾವ ಶೂವೂ ಹಿಗ್ಗುವುದಿಲ್ಲ. ರೆಕ್ಸಿನ್ ಅಂತೂ ಅಗಲದಲ್ಲೂ ಹಿಗ್ಗುವುದು ಕಷ್ಟ, ಹಿಗ್ಗಿದರೂ ವಾಪಸ್ ಬಿಗಿಯುತ್ತದೆ. ಉದ್ದ ಸಾಲದ ಜೋಡಿ "ಹೋಗಲಿ" ಮೂಲೆಗೆ, ಎಷ್ಟೇ ಚಂದ ಇರಲಿ.

## ಹಂತ 3: ಶೂವಿನ ಮೈ ಪರೀಕ್ಷೆ

ಈ ಹಂತವನ್ನು ಬಿಟ್ಟವರೇ ಮುಂದೆ ಜಾಸ್ತಿ ಪೇಚಾಡುವುದು. ಹಾಕದೇ ಎತ್ತಿಟ್ಟ ಶೂ ಹೊಸದಾಗಿಯೇ ಇರುತ್ತದೆ ಅನ್ನುವುದು ದೊಡ್ಡ ಭ್ರಮೆ. ಹಲವು ಶೂಗಳು ಡಬ್ಬದಲ್ಲೇ ಹಾಳಾಗುತ್ತವೆ.

ಸೋಲ್. ಸ್ಪೋರ್ಟ್ಸ್ ಶೂ, ಟ್ರೆಕ್ಕಿಂಗ್ ಶೂ, ಮೆತ್ತನೆಯ ಆಫೀಸ್ ಶೂಗಳಲ್ಲಿ ಕಾಲಿಗೂ ನೆಲ ತಾಗುವ ರಬ್ಬರಿಗೂ ನಡುವೆ ಒಂದು ಮೆತ್ತನೆಯ ಪದರ ಇರುತ್ತದೆ. ಅದೇ ಮಿಡ್‌ಸೋಲ್. ಇದನ್ನು ಹೆಚ್ಚಾಗಿ ಪಾಲಿಯುರೆಥೇನ್ ಅಥವಾ ಇವಿಎ ಎಂಬ ಫೋಮ್‌ನಿಂದ ಮಾಡುತ್ತಾರೆ. ಪಾಲಿಯುರೆಥೇನ್‌ಗೆ ಗಾಳಿಯ ತೇವವೇ ಶತ್ರು. ನೀರಿನ ಅಂಶ ಅದರ ಅಣುಗಳ ಕೊಂಡಿಯನ್ನು ಮೆಲ್ಲಗೆ ಕಡಿಯುತ್ತಾ ಹೋಗುತ್ತದೆ, ಸೆಕೆ ಜಾಸ್ತಿಯಿದ್ದರೆ ಇನ್ನೂ ಬೇಗ. ಸಾಮಾನ್ಯವಾಗಿ 5ರಿಂದ 10 ವರ್ಷದೊಳಗೆ, ಹಾಕಿದರೂ ಹಾಕದಿದ್ದರೂ, ಅದು ಒಣಗಿದ ಮಣ್ಣಿನ ಹೆಂಟೆಯಂತೆ ಪುಡಿಯಾಗುತ್ತದೆ. ಮೇಲೆ ನೋಡಿದರೆ ಹೊಳೆಯುವ ಶೂ, ಹಾಕಿ ನೂರು ಹೆಜ್ಜೆ ಇಟ್ಟರೆ ಅಡಿಭಾಗ ಪೂರ್ತಿ ಕಳಚಿ ನೆಲದ ಮೇಲೆ. ಹತ್ತು ವರ್ಷ ಕಾಪಾಡಿಟ್ಟ ಶೂವನ್ನು ಮದುವೆ ಮನೆಗೋ ಬೆಟ್ಟಕ್ಕೋ ಹಾಕಿಕೊಂಡು ಹೋಗಿ ಬರಿಗಾಲಲ್ಲಿ ವಾಪಸ್ ಬರುವವರ ಕತೆ ಇದೇ.

ಪರೀಕ್ಷೆ ಹೀಗೆ: ಒಂದು ಕೈಯಲ್ಲಿ ಹಿಮ್ಮಡಿ, ಇನ್ನೊಂದರಲ್ಲಿ ಮೂತಿ ಹಿಡಿದು, ನಡೆಯುವಾಗ ಮಡಚುವ ಜಾಗದಲ್ಲಿ ಮೆಲ್ಲಗೆ ಬಾಗಿಸಿ. ಬೆಳಕಿಗೆ ಹಿಡಿದು ಸೋಲ್‌ನ ಪಕ್ಕ ನೋಡಿ. ಕೂದಲೆಳೆಯಂಥ ಬಿರುಕುಗಳ ಜಾಲ ಕಂಡರೆ, ಉಗುರಿನಿಂದ ಒತ್ತಿದಾಗ ಗುಳಿ ವಾಪಸ್ ಏಳದಿದ್ದರೆ, ಬೆರಳಿಗೆ ಪುಡಿ ಅಥವಾ ಅಂಟು ಅಂಟಾದ ಜಿಗುಟು ಹತ್ತಿದರೆ ಆ ಶೂ ಮುಗಿಯಿತು. ಇದನ್ನು ಅಂಟು ಹಾಕಿ ಉಳಿಸಲಾಗದು. ಅಂಟು ಹಿಡಿಯಲು ಗಟ್ಟಿ ಜಾಗವೇ ಅಲ್ಲಿ ಇರುವುದಿಲ್ಲ.

ಇವಿಎ ಹೀಗೆ ಪುಡಿಯಾಗುವುದಿಲ್ಲ, ಆದರೆ ತುಳಿದೂ ತುಳಿದೂ ಚಪ್ಪಟೆಯಾಗುತ್ತದೆ. ಪಕ್ಕದಲ್ಲಿ ಅಡ್ಡಡ್ಡ ಸುಕ್ಕು ಮೂಡಿ, ಒತ್ತಿದರೆ ಮರದ ಹಲಗೆ ಒತ್ತಿದ ಹಾಗೆ ಅನಿಸುತ್ತದೆ. ಓಡುವ ಶೂ ಆದರೆ ಸುಮಾರು 500ರಿಂದ 800 ಕಿಲೋಮೀಟರ್ ಓಡಿದ ಮೇಲೆ ಓಟಕ್ಕೆ ಬಳಸಬೇಡಿ. ಮೇಲ್ಭಾಗ ಎಷ್ಟೇ ಚೆನ್ನಾಗಿದ್ದರೂ ಮಂಡಿಗೆ ಬೀಳುವ ಪೆಟ್ಟನ್ನು ಅದು ಇನ್ನು ತಡೆಯುವುದಿಲ್ಲ.

ಬಿಳಿ ಸೋಲ್ ಹಳದಿಯಾಗಿದ್ದರೆ ಮಾತ್ರ ಗಾಬರಿ ಬೇಡ. ಅದು ಬಿಸಿಲು, ಗಾಳಿಯ ಕೆಲಸ. ನೋಡಲು ಹಳೆಯದು, ಅಷ್ಟೇ.

ಮೇಲ್ಭಾಗ. ಇಲ್ಲಿ ಸುಕ್ಕು ಬೇರೆ, ಬಿರುಕು ಬೇರೆ. ಚರ್ಮದಲ್ಲಿ ಬೆರಳುಗಳ ಹಿಂದೆ ಬೀಳುವ ಸುಕ್ಕು ಸಹಜ. ಅದನ್ನು ತೆರೆದು ನೋಡಿ. ಒಳಗೆ ಬಣ್ಣ ಒಂದೇ ಥರ ಇದ್ದರೆ ಸುಕ್ಕು. ನಾರು ನಾರಾಗಿ ಬಿಳಿಚಿದ ಗೆರೆ ಕಂಡರೆ ಬಿರುಕು. ಸುಕ್ಕಿಗೆ ಕ್ರೀಮ್ ಹಚ್ಚಬಹುದು. ಬಿರುಕನ್ನು ಪಾಲಿಶ್‌ನಿಂದ ಮುಚ್ಚಬಹುದೇ ಹೊರತು ಕೂಡಿಸಲಾಗದು.

ರೆಕ್ಸಿನ್ ಹಾಗಲ್ಲ. ಬಟ್ಟೆಯ ಮೇಲೆ ಪಾಲಿಯುರೆಥೇನ್ ಲೇಪ ಹಾಕಿದ ರೆಕ್ಸಿನ್ ಆದರೆ ಸೋಲ್‌ನ ಗತಿಯೇ ಇದಕ್ಕೂ. ಮೊದಲು ಮೈ ಜಿಗುಟಾಗುತ್ತದೆ, ಆಮೇಲೆ ಮಡಚುವ ಜಾಗದಲ್ಲಿ ಪೊರೆ ಏಳುತ್ತದೆ, ಆಮೇಲೆ ಚಕ್ಕೆ ಚಕ್ಕೆಯಾಗಿ ಉದುರುತ್ತದೆ. ಒಂದು ಚಕ್ಕೆ ಎದ್ದರೆ ಉಳಿದದ್ದೂ ಅದರ ಹಿಂದೆಯೇ ಬರುತ್ತದೆ. ಸುಮ್ನೆ ಬಣ್ಣ ಬಳಿಯುತ್ತಾ ಕೂರಬೇಡಿ.

ಎತ್ತಿಟ್ಟ ಚರ್ಮದ ಶೂ ಮೇಲೆ ಬಿಳಿ ಪುಡಿಯಂಥದ್ದು ಕಂಡರೆ ಎಲ್ಲರೂ ಬೂಷ್ಟು ಅಂತಲೇ ತಿಳಿಯುತ್ತಾರೆ. ಕೆಲವು ಸಲ ಅದು ಚರ್ಮದೊಳಗಿನ ಕೊಬ್ಬು ಮೇಲೆ ಬಂದು ಹೆಪ್ಪುಗಟ್ಟಿದ್ದು. ಹೇರ್ ಡ್ರೈಯರ್‌ನ ಬೆಚ್ಚನೆ ಗಾಳಿಯನ್ನು ದೂರದಿಂದ ಸ್ವಲ್ಪ ಹೊತ್ತು ಬಿಡಿ. ಕರಗಿ ಮಾಯವಾದರೆ ಕೊಬ್ಬು, ಒಣ ಬಟ್ಟೆಯಲ್ಲಿ ಒರೆಸಿ ಮರೆತುಬಿಡಿ. ಹಾಗೇ ಉಳಿದರೆ, ಮುಗ್ಗಲು ವಾಸನೆಯೂ ಇದ್ದರೆ ಬೂಷ್ಟು. ಅದನ್ನು ಮನೆಯೊಳಗೆ ಕೊಡವಬೇಡಿ, ಪಕ್ಕದ ಜೋಡಿಗೂ ಹಬ್ಬುತ್ತದೆ. ಹೊರಗೆ ಒಯ್ದು ಒರೆಸಿ, ಗಾಳಿಗೆ ಒಣಗಿಸಿ. ಬೂಷ್ಟು ಒಳಗಿನ ಲೈನಿಂಗ್‌ಗೂ ಇಳಿದು, ಒಣಗಿಸಿದ ಮೇಲೂ ವಾಸನೆ ಹೋಗದಿದ್ದರೆ ಆ ಜೋಡಿಯನ್ನು ಬಿಟ್ಟುಬಿಡಿ.

ಹಿಂಭಾಗ ಮತ್ತು ಹೀಲ್. ಜೋಡಿಯನ್ನು ಮೇಜಿನ ಮೇಲಿಟ್ಟು, ಕಣ್ಣು ಮೇಜಿನ ಮಟ್ಟಕ್ಕೆ ಬರುವಂತೆ ಬಗ್ಗಿ ಹಿಂದಿನಿಂದ ನೋಡಿ. ಹಿಮ್ಮಡಿಯ ಹೊರ ಅಂಚು ಸ್ವಲ್ಪ ಸವೆದಿರುವುದು ಎಲ್ಲರಲ್ಲೂ ಇರುತ್ತದೆ. ಇಡೀ ಶೂ ಒಂದು ಕಡೆಗೆ ವಾಲಿ ನಿಂತಿದ್ದರೆ ಅದು ಬೇರೆ ವಿಷಯ: ಒಳಗಿನ ಆಧಾರ ಕುಸಿದಿದೆ. ಹಿಮ್ಮಡಿ ಹಿಡಿಯುವ ಗಟ್ಟಿ ಗೋಡೆಯನ್ನು ಹೆಬ್ಬೆರಳಿನಿಂದ ಒತ್ತಿ. ಬಟ್ಟೆಯ ಹಾಗೆ ಒಳಕ್ಕೆ ಮಡಚಿಕೊಂಡರೆ ಕಾಲನ್ನು ಹಿಡಿದು ನಿಲ್ಲಿಸುವ ಶಕ್ತಿ ಹೋಗಿದೆ. ಹೀಲ್ಸ್ ಆದರೆ ಹೀಲ್ ಹಿಡಿದು ಅಲ್ಲಾಡಿಸಿ. ಅಲುಗಾಡುವ ಹೀಲ್ ಹಾಕಿ ಮೆಟ್ಟಿಲು ಇಳಿಯುವ ಧೈರ್ಯ ಯಾರಿಗೂ ಬೇಡ.

## ಹಂತ 4: ನಿಜವಾಗಿ ಹಾಕುತ್ತಿದ್ದೀರಾ?

"ಹಾಕ್ತೀನಿ" ಅನ್ನುವ ಮಾತಿಗೆ ಬೆಲೆ ಕೊಡಬೇಡಿ. "ಕೊನೆಗೆ ಯಾವಾಗ ಹಾಕಿದೆ, ಎಲ್ಲಿಗೆ?" ಎಂದು ಕೇಳಿ. ಉತ್ತರ ತಕ್ಷಣ ಬರದಿದ್ದರೆ ಅದೇ ಉತ್ತರ.

ನೆನಪನ್ನು ನಂಬದವರಿಗೆ ಒಂದು ಉಪಾಯ. ಎಲ್ಲ ಜೋಡಿಗಳ ಮೂತಿಯನ್ನು ಗೋಡೆ ಕಡೆಗೆ ತಿರುಗಿಸಿಡಿ. ಹಾಕಿ ಬಂದದ್ದನ್ನು ಮಾತ್ರ ಮೂತಿ ಹೊರಗೆ ಬರುವಂತೆ ಇಡಿ. ಕೆಲವು ತಿಂಗಳಲ್ಲಿ ಸ್ಟ್ಯಾಂಡೇ ಲೆಕ್ಕ ಹೇಳುತ್ತದೆ.

ಒಂದೇ ಕೆಲಸಕ್ಕೆ ಮೂರು ಜೋಡಿ ಇದ್ದರೆ ನೀವು ಅವಸರದ ಬೆಳಿಗ್ಗೆ ಯಾವುದಕ್ಕೆ ಕಾಲು ತೂರಿಸುತ್ತೀರೋ ಅದೇ ನಿಮ್ಮದು. ಉಳಿದ ಎರಡು ಅದರ ನೆರಳಿನಲ್ಲಿ ಬದುಕುತ್ತಿವೆ. ಇದಕ್ಕೆ ವಿನಾಯಿತಿ ಇದೆ: ಸಮಾರಂಭದ ಒಂದು ಜೋಡಿ, ಆಯಾ ಕಾಲಕ್ಕೆ ಬೇಕಾಗುವ ಮಳೆಯ ಅಥವಾ ಚಳಿಯ ಜೋಡಿ. ಇವು ವರ್ಷಕ್ಕೆ ಎರಡೇ ಸಲ ಹೊರಗೆ ಬಂದರೂ ಕೆಲಸ ಮಾಡುತ್ತಿವೆ.

ಕೊಟ್ಟ ಬೆಲೆಯನ್ನು ಈ ಹಂತದಲ್ಲಿ ಬಾಯಿಗೇ ತರಬೇಡಿ. ದುಡ್ಡು ಅಂಗಡಿಯಲ್ಲೇ ಹೋಯಿತು. ಸ್ಟ್ಯಾಂಡ್ ಮೇಲೆ ಕೂರಿಸಿದರೆ ಅದು ವಾಪಸ್ ಬರುವುದಿಲ್ಲ.

## ಹಂತ 5: ಈಗ ಫ್ಯಾಷನ್ ನೋಡಿ

ಇಲ್ಲಿಯವರೆಗೆ ಉಳಿದ ಜೋಡಿಗಳು ಕಾಲಿಗೆ ಸರಿ, ಮೈ ಗಟ್ಟಿ, ಕೆಲಸಕ್ಕೆ ಬರುತ್ತವೆ. ಆದರೂ "ಹಳೇ ಕಾಲದ್ದು" ಅನಿಸುತ್ತಿವೆ. ಹಾಗೆ ಅನಿಸಲು ಕಾರಣ ಏನು ಅನ್ನುವುದನ್ನು ಮೊದಲು ಪತ್ತೆ ಮಾಡಿ.

ಮೊದಲು ಪ್ಯಾಂಟ್ ನೋಡಿ. ಬಹಳ ಸಲ ಹಳತಾಗಿರುವುದು ಶೂ ಅಲ್ಲ, ಅದರ ಜೊತೆಗಾರ ಬದಲಾಗಿರುತ್ತಾನೆ. ಬಿಗಿ ಪ್ಯಾಂಟ್ ಕಾಲದಲ್ಲಿ ಕೊಂಡ ತೆಳ್ಳನೆ ಚೂಪು ಶೂ, ಅಗಲ ಪ್ಯಾಂಟ್ ಕೆಳಗೆ ಪೂರ್ತಿ ಮುಚ್ಚಿಹೋಗಿ ಮೂತಿ ಮಾತ್ರ ಇಣುಕುತ್ತದೆ. ಅದೇ ದಪ್ಪ ಸೋಲ್ ಶೂ ಬಿಗಿ ಪ್ಯಾಂಟ್ ಕೆಳಗೆ ಕಾಲಿಗೆ ಇಟ್ಟಿಗೆ ಕಟ್ಟಿದ ಹಾಗೆ ಕಾಣುತ್ತದೆ. ಹಾಗಾಗಿ ಈಗ ಹಾಕುವ ಬಟ್ಟೆ ಹಾಕಿ, ಶೂ ಹಾಕಿ, ಕನ್ನಡಿಯಿಂದ ನಾಲ್ಕೈದು ಹೆಜ್ಜೆ ಹಿಂದೆ ನಿಂತು ಫೋಟೋ ತೆಗೆಯಿರಿ. ಕೆಳಕ್ಕೆ ಬಗ್ಗಿ ನೋಡಿದರೆ ಶೂ ಮಾತ್ರ ಕಾಣುತ್ತದೆ, ಬೇರೆಯವರು ನೋಡುವುದು ಇಡೀ ಆಳನ್ನು. ಫೋಟೋವನ್ನು ಅವತ್ತೇ ನೋಡಬೇಡಿ, ಮರುದಿನ ನೋಡಿ. ಹಿಂದಿನ ದಿನದ ಪ್ರೀತಿ, ಬೇಸರ ಎರಡೂ ಅಷ್ಟು ಹೊತ್ತಿಗೆ ಇಳಿದಿರುತ್ತದೆ.

ಆಮೇಲೆ ಶೂವಿನ ಯಾವ ಭಾಗ ಕಾಲವನ್ನು ಹೇಳುತ್ತಿದೆ ಅಂತ ನೋಡಿ. ಎಲ್ಲಕ್ಕಿಂತ ಜೋರಾಗಿ ಹೇಳುವುದು ಮೂತಿಯ ಆಕಾರ. 1990ರ ದಶಕದಲ್ಲಿ ಚೌಕ ಮೂತಿ ಎಲ್ಲೆಲ್ಲೂ ಇತ್ತು, ಆಮೇಲೆ ಚೂಪು ಮೂತಿ ಬಂದು ಅದನ್ನು ನಗೆಪಾಟಲು ಮಾಡಿತು, 2019-20ರ ಹೊತ್ತಿಗೆ ಚೌಕವೇ ಮತ್ತೆ ಬಂತು. ಮೂತಿಯ ನಂತರ ಸೋಲ್‌ನ ದಪ್ಪ ಮತ್ತು ಹೀಲ್‌ನ ಆಕಾರ. 2017-18ರ ಸುಮಾರಿಗೆ ಸ್ನೀಕರ್ ಸೋಲ್‌ಗಳು ಊದಿಕೊಂಡವು. ಐದು ವರ್ಷ ಕಳೆಯುವುದರೊಳಗೆ ಜನ ತೆಳು ಸೋಲ್‌ನ ಅಡಿಡಾಸ್ ಸಾಂಬಾದಂಥ ಹಳೆಯ ಮಾದರಿಗಳ ಹಿಂದೆ ಬಿದ್ದರು. ಮೂರನೆಯದು ಅಲಂಕಾರ: ದೊಡ್ಡ ಲೋಗೋ, ಬಕಲ್, ಕಲ್ಲು, ಬೋ. ಬಣ್ಣ ಕೊನೆಗೆ.

ಈ ಸರದಿ ಯಾಕೆ ಮುಖ್ಯ ಅಂದರೆ, ಸರದಿಯ ಕೊನೆಗೆ ಬಂದವನ್ನು ಬದಲಾಯಿಸಬಹುದು, ಮೊದಲು ಬಂದವನ್ನು ಆಗುವುದಿಲ್ಲ. ಬೋ ಬಿಚ್ಚಬಹುದು, ಬಕಲ್ ಬದಲಿಸಬಹುದು, ಕಣ್ಣಿಗೆ ಹೊಡೆಯುವ ಲೇಸ್ ತೆಗೆದು ಶೂ ಬಣ್ಣದ್ದೇ ಹಾಕಬಹುದು. ತಿಳಿ ಬಣ್ಣದ ಚರ್ಮಕ್ಕೆ ಕಡು ಬಣ್ಣ ಹಾಕಿಸಬಹುದು (ಕಡು ಬಣ್ಣವನ್ನು ತಿಳಿ ಮಾಡುವುದು ಕಷ್ಟ). ಹೀಲ್ ಎತ್ತರ ಸುಮಾರು 1 ಸೆಂಟಿಮೀಟರ್ ಇಳಿಸಬಹುದು, ಅದಕ್ಕಿಂತ ಜಾಸ್ತಿ ಕತ್ತರಿಸಿದರೆ ಮೂತಿ ಮೇಲಕ್ಕೆದ್ದು ಶೂವಿನ ಸಮತೋಲ ಕೆಡುತ್ತದೆ. ಮೂತಿಯ ಆಕಾರವನ್ನು ಮಾತ್ರ ಯಾರಿಂದಲೂ ಬದಲಿಸಲಾಗದು.

ಕೆಲವು ಆಕಾರಗಳಿಗೆ ಈ ಗೋಳೇ ಇಲ್ಲ. ಕಾನ್ವರ್ಸ್ ಆಲ್ ಸ್ಟಾರ್ 1917ರಿಂದ, ಕ್ಲಾರ್ಕ್ಸ್ ಡೆಸರ್ಟ್ ಬೂಟ್ 1950ರಿಂದ, ಡಾಕ್ಟರ್ ಮಾರ್ಟೆನ್ಸ್‌ನ ಎಂಟು ಕಣ್ಣಿನ (ಲೇಸ್ ತೂರಿಸುವ ತೂತಿನ) ಬೂಟು 1960ರಿಂದ ಹೆಚ್ಚುಕಡಿಮೆ ಅದೇ ರೂಪದಲ್ಲಿವೆ. ಲೇಸ್ ಕಟ್ಟುವ ಸಾದಾ ಆಕ್ಸ್‌ಫರ್ಡ್, ಡರ್ಬಿ, ಲೇಸ್ ಇಲ್ಲದೆ ಕಾಲು ತೂರಿಸುವ ಲೋಫರ್ ಕೂಡ ಇದೇ ಸಾಲಿನವು. ಇವು ಕೆಲವು ವರ್ಷ ಜಾಸ್ತಿ ಕಾಣುತ್ತವೆ, ಕೆಲವು ವರ್ಷ ಕಡಿಮೆ ಕಾಣುತ್ತವೆ, ಆದರೆ ಹಾಕಿದವರನ್ನು ಯಾರೂ ತಿರುಗಿ ನೋಡುವುದಿಲ್ಲ. ಇಂಥದ್ದು ಗಟ್ಟಿಯಾಗಿದ್ದರೆ ಯೋಚಿಸದೆ "ಇರಲಿ" ಮೂಲೆಗೆ ಇಡಿ.

"ಮತ್ತೆ ಬರುತ್ತಲ್ಲ" ಅನ್ನುವ ವಾದ. ಫ್ಯಾಷನ್ ಮತ್ತೆ ಬರುತ್ತದೆ, ನಿಜ. ಮುಂಭಾಗದ ಸೋಲ್ ಕೂಡ ದಪ್ಪಗಿರುವ ಪ್ಲಾಟ್‌ಫಾರಂ ಹೀಲ್ 1970ರ ದಶಕದಲ್ಲಿತ್ತು, 1990ರ ದಶಕದಲ್ಲಿ ಬಂತು, 2020ರ ದಶಕದಲ್ಲಿ ಮತ್ತೆ ಬಂತು. 2000ದ ದಶಕದ ಬ್ಯಾಲೆ ಫ್ಲ್ಯಾಟ್ (ಹೀಲ್ ಇಲ್ಲದ ತೆಳು ಶೂ) 2022-23ರಲ್ಲಿ ಮರಳಿತು. ಆದರೆ ಆ ಅಂತರ ನೋಡಿ: ಎರಡು ಮೂರು ದಶಕದ ಆಸುಪಾಸು. ಮೂರನೇ ಹಂತದಲ್ಲಿ ನೋಡಿದ ಪಾಲಿಯುರೆಥೇನ್ ಫೋಮ್‌ನ ಆಯಸ್ಸು ಎಷ್ಟು? ಹತ್ತು ವರ್ಷದೊಳಗೆ. ಅಂದರೆ ಫ್ಯಾಷನ್ ವಾಪಸ್ ಬರುವ ಹೊತ್ತಿಗೆ ಅಂಥ ಶೂ ಡಬ್ಬದಲ್ಲಿ ಪುಡಿಯಾಗಿರುತ್ತದೆ. ಕಾಲೂ ಅಷ್ಟರಲ್ಲಿ ಅರ್ಧ ನಂಬರ್ ಬೆಳೆದಿರಬಹುದು. ಇಷ್ಟು ಸಾಲದು ಅಂತ, ಮರಳಿ ಬಂದ ಫ್ಯಾಷನ್ ಅದೇ ಅಳತೆಯಲ್ಲಿ ಬರುವುದಿಲ್ಲ. ಮೂತಿ ಸ್ವಲ್ಪ ಉದ್ದ, ಹೀಲ್ ಸ್ವಲ್ಪ ದಪ್ಪ, ಹೀಗೆ ಏನಾದರೊಂದು ಬದಲಾಗಿರುತ್ತದೆ. ಹಳೆಯದು "ಸುಮಾರಾಗಿ ಅದೇ" ಅನಿಸುತ್ತದೆಯೇ ಹೊರತು ಅದೇ ಅನಿಸುವುದಿಲ್ಲ.

ಹಾಗಾಗಿ ನನ್ನ ನಿಯಮ ಕಟ್ಟುನಿಟ್ಟು. ಫ್ಯಾಷನ್ ಮರಳುತ್ತದೆಂದು ಕಾದಿಡುವುದಾದರೆ ಅಸಲಿ ಚರ್ಮದ, ಚರ್ಮದ ಅಥವಾ ಗಟ್ಟಿ ರಬ್ಬರಿನ ಸೋಲ್ ಹೊಲಿದ ಶೂವನ್ನು ಮಾತ್ರ ಕಾದಿಡಿ. ಫೋಮ್ ಸೋಲ್, ರೆಕ್ಸಿನ್ ಮೈ ಇರುವುದನ್ನು ಈಗಲೇ ಹಾಕಿ ಸವೆಸಿ, ಇಲ್ಲವೇ ಈಗಲೇ ಬೇರೆಯವರಿಗೆ ಕೊಡಿ. ಅದನ್ನು ಕೂಡಿಡುವುದರಿಂದ ಯಾರಿಗೂ ಲಾಭವಿಲ್ಲ.

ಇನ್ನೊಂದು ಮಾತು. ಬೆಟ್ಟ ಹತ್ತುವ, ಓಡುವ, ಕಾರ್ಖಾನೆಯಲ್ಲಿ ಕಾಲು ಕಾಪಾಡುವ ಶೂಗಳನ್ನು ಈ ಹಂತಕ್ಕೆ ತರಲೇಬೇಡಿ. ಅವಕ್ಕೆ ಮೂರನೇ ಹಂತವೇ ಕೊನೆಯ ತೀರ್ಪು.

## ಹಂತ 6: ರಿಪೇರಿಯ ಲೆಕ್ಕ

"ರಿಪೇರಿ" ಮೂಲೆ ಅನುಮಾನ ಇರುವ ಜೋಡಿಗಳ ಗೋದಾಮು ಆಗಬಾರದು. ಮೊದಲು ಸೋಲ್ ಹೊಲಿದದ್ದೋ ಅಂಟಿಸಿದ್ದೋ ನೋಡಿ. ಸೋಲ್‌ನ ಅಂಚಿನ ಸುತ್ತ ಹೊಲಿಗೆ ಕಂಡ ಮಾತ್ರಕ್ಕೆ ನಂಬಬೇಡಿ, ರಬ್ಬರಿನ ಅಚ್ಚಿನಲ್ಲೇ ಹೊಲಿಗೆಯ ಆಕಾರ ಮೂಡಿಸಿರುತ್ತಾರೆ. ಸೂಜಿಯ ಮೊನೆಯಿಂದ ಕೆದಕಿದರೆ ನಿಜವಾದ ದಾರ ಬೇರೆಯಾಗಿ ಸಿಗುತ್ತದೆ. ಕೆಲವು ಶೂಗಳಲ್ಲಿ ಹೊಲಿಗೆ ಹೊರಗೆ ಕಾಣದೆ, ಇನ್‌ಸೋಲ್ ಎತ್ತಿದರೆ ಒಳಗೆ ಸಾಲಾಗಿ ಕಾಣುತ್ತದೆ. ಹೊಲಿದ ಸೋಲ್ ಬಿಚ್ಚಿ ಹೊಸದು ಹಾಕುವುದು ಸುಲಭ, ಅದೂ ಒಂದಕ್ಕಿಂತ ಹೆಚ್ಚು ಸಲ.

ಸಣ್ಣ ಖರ್ಚಿನಲ್ಲಿ ದೊಡ್ಡ ಉಪಕಾರ ಮಾಡುವ ರಿಪೇರಿಗಳು: ಹೀಲ್ ತುದಿಯ ರಬ್ಬರ್ ಬದಲಿಸುವುದು, ಬಿಟ್ಟ ಹೊಲಿಗೆ ಹಾಕಿಸುವುದು, ಹೊಸ ಇನ್‌ಸೋಲ್, ಗಟ್ಟಿಯಿರುವ ಸೋಲ್‌ನ ಅಂಚು ಬಿಟ್ಟಿದ್ದರೆ ಅಂಟಿಸುವುದು. ಹೀಲ್ ತುದಿಯನ್ನು ಬೇಗ ಹಾಕಿಸಿ. ಒಳಗಿನ ಮೊಳೆ ನೆಲಕ್ಕೆ ತಾಗಿ ಟಕ್ ಟಕ್ ಎನ್ನುವ ಹೊತ್ತಿಗೆ ಹೀಲ್‌ನ ಬುಡವೂ ಸವೆಯಲು ಶುರುವಾಗಿರುತ್ತದೆ.

ಖರ್ಚನ್ನು ಆಗ ಕೊಟ್ಟ ಬೆಲೆಗೆ ಹೋಲಿಸಬೇಡಿ. ಇವತ್ತು ಅಷ್ಟೇ ಒಳ್ಳೆಯ ಜೋಡಿ ಕೊಳ್ಳಲು ಎಷ್ಟಾಗುತ್ತದೋ ಅದಕ್ಕೆ ಹೋಲಿಸಿ. ಅರ್ಧ ದಾಟಿದರೆ ಇನ್ನೊಮ್ಮೆ ಯೋಚಿಸಿ. ಎರಡು ವಾರದೊಳಗೆ ರಿಪೇರಿಗೆ ಒಯ್ಯದ ಜೋಡಿ ನಿಮಗೆ ಬೇಕಾಗಿಲ್ಲ, ಅದನ್ನು "ಹೋಗಲಿ" ಮೂಲೆಗೆ ಸರಿಸಿ.

## ಹಂತ 7: "ಕಾಯಲಿ" ಡಬ್ಬ

ಯಾವ ಕಡೆಗೂ ಮನಸ್ಸು ವಾಲದ ಜೋಡಿಗಳು ಇದಕ್ಕೆ. ಒಂದೇ ಡಬ್ಬ, ಅದು ತುಂಬಿದರೆ ಇನ್ನೊಂದಿಲ್ಲ. ಮೇಲೆ ಇವತ್ತಿನ ತಾರೀಖು ಬರೆದು, ಆರು ತಿಂಗಳ ಮುಂದಿನ ದಿನಕ್ಕೆ ಮೊಬೈಲ್‌ನಲ್ಲಿ ಗುರುತು ಹಾಕಿ. ಈ ನಡುವೆ ಯಾವುದನ್ನಾದರೂ ಹುಡುಕಿ ತೆಗೆದು ಹಾಕಿದರೆ ಅದು ಉಳಿಯಿತು. ಡಬ್ಬದಲ್ಲಿ ಏನಿದೆ ಅಂತಲೇ ನೆನಪಿಲ್ಲದಿದ್ದರೆ ತೆರೆದು ನೋಡದೆ ಕಳಿಸಿಬಿಡಿ. ತೆರೆದರೆ ಮತ್ತೆ ಮೊದಲ ಹಂತದಿಂದ ಶುರು, ಅಲ್ವಾ?

ನೆನಪಿಗಾಗಿ ಇಡುವ ಶೂಗೆ ಈ ಯಾವ ಹಂತವೂ ಬೇಡ. ಮಗುವಿನ ಮೊದಲ ಶೂ, ತೀರಿಕೊಂಡವರ ಬೂಟು ಇಂಥವು. ಅವನ್ನು ಶೂ ಸ್ಟ್ಯಾಂಡ್‌ನಿಂದ ತೆಗೆದು, ನೆನಪಿನ ವಸ್ತುಗಳು ಇರುವ ಕಡೆ ಇಡಿ. ಸ್ಟ್ಯಾಂಡ್‌ನಲ್ಲಿದ್ದರೆ ಪ್ರತಿ ಸಲವೂ ಅದೇ ಚರ್ಚೆ.

## ಹಂತ 8: ಉಳಿಸಿಕೊಂಡದ್ದನ್ನು ಕಾಪಾಡುವುದು

ಮೊದಲು ಸ್ವಚ್ಛ ಮಾಡಿ, ಪೂರ್ತಿ ಒಣಗಿಸಿ. ಒದ್ದೆ ಶೂವನ್ನು ಹೀಟರ್ ಪಕ್ಕ, ಸುಡು ಬಿಸಿಲಲ್ಲಿ ಇಟ್ಟರೆ ಅಂಟು ಸಡಿಲವಾಗುತ್ತದೆ, ಚರ್ಮ ಬಿರಿಯುತ್ತದೆ. ಒಳಗೆ ಕಾಗದ ತುರುಕಿ ನೆರಳಲ್ಲಿ ಒಣಗಿಸಿ. ಒಳಗಿನ ಬಟ್ಟೆ ತಿಳಿ ಬಣ್ಣದ್ದಾದರೆ ಅಚ್ಚಾದ ಪೇಪರ್ ಬೇಡ, ಶಾಯಿ ಹತ್ತುತ್ತದೆ. ಖಾಲಿ ಹಾಳೆ ಸಾಕು.

ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿಡುವುದು ಎಲ್ಲರೂ ಮಾಡುವ ತಪ್ಪು. ಒಳಗಿದ್ದ ತೇವ ಅಲ್ಲೇ ಕೂತು ಬೂಷ್ಟು ತರಿಸುತ್ತದೆ. ಬಟ್ಟೆಯ ಚೀಲ ಅಥವಾ ಗಾಳಿಯಾಡುವ ಡಬ್ಬ ಒಳ್ಳೆಯದು, ಜೊತೆಗೆ ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣ. ಚರ್ಮದ ಶೂ ಒಳಗೆ ಮರದ ಅಚ್ಚು ಇದ್ದರೆ ಆಕಾರ ಕೆಡುವುದಿಲ್ಲ. ಒಂದೇ ಜೋಡಿಯನ್ನು ದಿನಾ ಹಾಕುವ ಬದಲು ಒಂದು ದಿನ ಬಿಟ್ಟು ಹಾಕಿ, ಒಳಗಿನ ಬೆವರು ಆರಲು ಅಷ್ಟು ಹೊತ್ತು ಬೇಕು.

ಅಪರೂಪಕ್ಕೆ ಹಾಕುವ ಜೋಡಿಯನ್ನು ಎರಡು ತಿಂಗಳಿಗೊಮ್ಮೆ ತೆಗೆದು ಬಾಗಿಸಿ ನೋಡಿ. ಸಮಾರಂಭಕ್ಕೆ ಹಾಕುವ ಒಂದು ವಾರ ಮೊದಲು ಮನೆಯೊಳಗೆ ಒಂದು ಗಂಟೆ ಹಾಕಿಕೊಂಡು ಓಡಾಡಿ. ಸೋಲ್ ಕಳಚುವುದಿದ್ದರೆ ಮನೆಯಲ್ಲೇ ಕಳಚಲಿ.

## ಹಂತ 9: ಕಳಿಸುವುದು

"ಹೋಗಲಿ" ಮೂಲೆಯಲ್ಲಿ ಎರಡು ಥರದವು ಇರುತ್ತವೆ: ನಿಮಗೆ ಬೇಡದವು, ಯಾರಿಗೂ ಆಗದವು. ಮೂರನೇ ಹಂತದಲ್ಲಿ ಸೋತದ್ದನ್ನು ದಾನ ಮಾಡಬೇಡಿ. ಪುಡಿಯಾಗುವ ಸೋಲ್ ನಿಮ್ಮ ಕಾಲಿಗೆ ಬೇಡವಾದರೆ ಇನ್ನೊಬ್ಬರ ಕಾಲಿಗೂ ಬೇಡ. ಲೇಸ್, ಬಕಲ್, ಚೆನ್ನಾಗಿರುವ ಇನ್‌ಸೋಲ್ ಬಿಚ್ಚಿಟ್ಟುಕೊಂಡು ಉಳಿದದ್ದನ್ನು ಕಸಕ್ಕೆ ಹಾಕಿ. ಕಾಲಿಗೆ ಫಂಗಸ್ ಸೋಂಕು ಇದ್ದಾಗ ಹಾಕಿದ ಶೂಗಳನ್ನೂ ಯಾರಿಗೂ ಕೊಡಬೇಡಿ.

ಗಟ್ಟಿಯಿರುವುದನ್ನು ಒರೆಸಿ, ಇನ್‌ಸೋಲ್ ತೆಗೆದು ಗಾಳಿಗಿಟ್ಟು, ಎರಡು ಲೇಸ್‌ಗಳನ್ನು ಒಂದಕ್ಕೊಂದು ಗಂಟು ಹಾಕಿ ಕೊಡಿ. ಗಂಟು ಹಾಕದ ಜೋಡಿಗಳು ಚೀಲದಲ್ಲಿ ಬೇರೆಯಾಗಿ, ಒಂಟಿ ಶೂ ಆಗಿ ಕಸಕ್ಕೆ ಸೇರುತ್ತವೆ. ಮಾರುವುದಾದರೆ ಟ್ರೆಂಡ್ ಇನ್ನೂ ಪೂರ್ತಿ ಇಳಿಯದಿರುವಾಗಲೇ ಮಾರಿ, ಸೋಲ್ ಮತ್ತು ಹಿಮ್ಮಡಿಯ ಫೋಟೋ ತಪ್ಪದೆ ಹಾಕಿ. ಕೊಳ್ಳುವವರು ಮೊದಲು ಕೇಳುವುದು ಅದನ್ನೇ. ಚೀಲ ಕಟ್ಟಿದ ದಿನವೇ ಮನೆಯಿಂದ ಆಚೆ ಹೋಗಲಿ. ಬಾಗಿಲ ಹಿಂದೆ ವಾರಗಟ್ಟಲೆ ಕೂತ ಚೀಲದಿಂದ ಒಂದೊಂದೇ ಜೋಡಿ ಮತ್ತೆ ಸ್ಟ್ಯಾಂಡ್‌ಗೆ ಹತ್ತುತ್ತದೆ.